ಊಸರವಳ್ಳಿಗೆ ಏನಾಗಿದೆ? ಲಕ್ಷಣ ನೋಡಿ ಕಾರಣ ಹುಡುಕುವ ಕೈಪಿಡಿ

ಊಸರವಳ್ಳಿ ತನ್ನ ಕಾಯಿಲೆಯನ್ನು ಮುಚ್ಚಿಡುವ ಪ್ರಾಣಿ. ಕಾಡಿನಲ್ಲಿ ನಿತ್ರಾಣವಾಗಿ ಕಂಡದ್ದೇ ಮೊದಲು ಹಾವಿಗೋ ಹಕ್ಕಿಗೋ ತುತ್ತಾಗುತ್ತದೆ. ಅದಕ್ಕೇ ಅದು ಮೈಯಲ್ಲಿ ಶಕ್ತಿ ಇರುವವರೆಗೂ ಕೊಂಬೆ ಬಿಗಿಹಿಡಿದು, ಏನೂ ಆಗಿಲ್ಲ ಅನ್ನುವ ಹಾಗೆ ಕೂತಿರುತ್ತದೆ. ನಮ್ಮ ಕಣ್ಣಿಗೆ ಏನೋ ಸರಿಯಿಲ್ಲ ಅಂತ ಬೀಳುವ ಹೊತ್ತಿಗೆ ತೊಂದರೆ ಶುರುವಾಗಿ ಎಷ್ಟೋ ವಾರಗಳಾಗಿರಬಹುದು.

ಹಾಗಾಗಿ ಲಕ್ಷಣವನ್ನು ಮಾತ್ರ ನೋಡಿದರೆ ಸಾಲದು. ಯಾವ ಹೊತ್ತಿನಲ್ಲಿ, ಗೂಡಿನ ಯಾವ ಜಾಗದಲ್ಲಿ ಅದು ಕಂಡಿತು ಅನ್ನುವುದೇ ಮುಖ್ಯ. ಮಧ್ಯಾಹ್ನ ದೀಪದ ಕೆಳಗೆ ಬಾಯಿ ತೆರೆದು ಕೂತರೆ ಅದು ಸೆಕೆ. ಅದೇ ಪ್ರಾಣಿ ನಸುಕಿನಲ್ಲಿ ತಂಪಾದ ಕೊಂಬೆಯ ಮೇಲೆ ಬಾಯಿ ತೆರೆದಿದ್ದರೆ ಶ್ವಾಸಕೋಶದ ಸೋಂಕಿರಬಹುದು. ಬೆಳಿಗ್ಗೆಯ ಕಪ್ಪು ಬಣ್ಣ ಬೇರೆ, ಸಂಜೆಯ ಕಪ್ಪು ಬಣ್ಣ ಬೇರೆ. ಒಂದು ನೋಟ್‌ಬುಕ್ ಇಟ್ಟು ಹೊತ್ತು ಮತ್ತು ಜಾಗ ಎರಡನ್ನೂ ಬರೆಯುತ್ತಾ ಹೋಗಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಮೊದಲು ಗೂಡು, ಆಮೇಲೆ ಪ್ರಾಣಿ

ಸಾಕಿದ ಊಸರವಳ್ಳಿಗಳ ಬಹುಪಾಲು ಕಾಯಿಲೆಯ ಬೇರು ಗೂಡಿನಲ್ಲೇ ಇರುತ್ತದೆ. ದೀಪ, ಬಿಸಿ, ನೀರು ಈ ಮೂರರಲ್ಲಿ ಒಂದು ತಪ್ಪಿರುತ್ತದೆ. ಔಷಧಿ ಹುಡುಕುವ ಮೊದಲು ಇವನ್ನು ಅಳೆಯಿರಿ. ಕೈಯಿಟ್ಟು ನೋಡಿ "ಬೆಚ್ಚಗಿದೆ" ಅಂದರೆ ಅದು ಅಳತೆಯಲ್ಲ.

ಮೈ ಕಾಯಿಸುವ ಕೊಂಬೆಯ ಮೇಲೆ, ಪ್ರಾಣಿಯ ಬೆನ್ನು ಇರುವ ಎತ್ತರದಲ್ಲೇ, ಥರ್ಮಾಮೀಟರಿನ ತುದಿ ಕಟ್ಟಿ. ಯೆಮನ್ ಮತ್ತು ಸೌದಿ ಅರೇಬಿಯಾ ಮೂಲದ ವೇಲ್ಡ್ ಊಸರವಳ್ಳಿಯ ಗಂಡಿಗೆ, ಮಡಗಾಸ್ಕರ್ ಮೂಲದ ಪ್ಯಾಂಥರ್ ಊಸರವಳ್ಳಿಗೆ ಅಲ್ಲಿ 29ರಿಂದ 31 ಡಿಗ್ರಿ ಸೆಲ್ಸಿಯಸ್ ಸಾಕು. ವೇಲ್ಡ್ ಹೆಣ್ಣಿಗೆ 27ರ ಆಸುಪಾಸು. ಪೂರ್ವ ಆಫ್ರಿಕಾದ ಬೆಟ್ಟಗಳ ಜಾಕ್ಸನ್ಸ್ ಊಸರವಳ್ಳಿ ತಂಪು ಜಾಗದ್ದು, ಅದಕ್ಕೆ 26ರಿಂದ 28ರೊಳಗೆ ಇರಲಿ. ರಾತ್ರಿ ಎಲ್ಲಕ್ಕೂ ತಂಪು ಬೇಕು. ವೇಲ್ಡ್, ಪ್ಯಾಂಥರ್‌ಗೆ 18ರಿಂದ 22 ಡಿಗ್ರಿಗೆ ಇಳಿದರೆ ಚೆನ್ನಾಗಿ ನಿದ್ದೆ ಮಾಡುತ್ತವೆ. ರಾತ್ರಿ ಕೆಂಪು ಬಲ್ಬ್ ಹಾಕುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಅವಕ್ಕೆ ಆ ಬೆಳಕು ಕಾಣುತ್ತದೆ, ನಿದ್ದೆ ಕೆಡುತ್ತದೆ.

ಯುವಿಬಿ, ಅಂದರೆ ಬಿಸಿಲಿನಲ್ಲಿರುವ ಒಂದು ಬಗೆಯ ನೇರಳಾತೀತ ಕಿರಣ ಕೊಡುವ ದೀಪದ ವಿಷಯದಲ್ಲಿ ಜನ ಜಾಸ್ತಿ ಮೋಸಹೋಗುತ್ತಾರೆ. ಬಲ್ಬ್ ಉರಿಯುತ್ತಿದೆ ಅಂದರೆ ಯುವಿಬಿ ಬರುತ್ತಿದೆ ಅಂತಲ್ಲ. ಬೆಳಕು ಹಾಗೇ ಇದ್ದು ಯುವಿಬಿ ಮಾತ್ರ ತಿಂಗಳು ಕಳೆದಂತೆ ಕಮ್ಮಿಯಾಗುತ್ತದೆ. ಉದ್ದನೆಯ ಟಿ5 ಟ್ಯೂಬನ್ನು ವರ್ಷಕ್ಕೊಮ್ಮೆ ಬದಲಿಸಿ, ಹಾಕಿದ ತಾರೀಖನ್ನು ಅದರ ತುದಿಯಲ್ಲೇ ಬರೆದಿಡಿ. ಕಿಟಕಿ ಗಾಜಿನ ಮೂಲಕ ಬರುವ ಬಿಸಿಲನ್ನು ಲೆಕ್ಕಕ್ಕೇ ಹಿಡಿಯಬೇಡಿ, ಗಾಜು ಯುವಿಬಿಯನ್ನು ತಡೆದುಬಿಡುತ್ತದೆ. ದೀಪದ ಕೆಳಗಿನ ಜಾಲರಿ ಕೂಡ ಒಂದಷ್ಟನ್ನು ನುಂಗುತ್ತದೆ. ಕೊಂಬೆ ದೀಪದಿಂದ 20ರಿಂದ 25 ಸೆಂಟಿಮೀಟರ್ ಕೆಳಗಿರಲಿ. ಯುವಿ ಮೀಟರ್ ಸಿಕ್ಕರೆ ಕೊಂಬೆಯ ಮೇಲೆ ಸೂಚ್ಯಂಕ 3ರ ಹತ್ತಿರ ಇದೆಯಾ ನೋಡಿ. ಹಾಗೆಯೇ ದಟ್ಟ ಎಲೆಯ ನೆರಳೂ ಇರಲೇಬೇಕು. ಮೈಯಲ್ಲಿ ವಿಟಮಿನ್ ಡಿ3 ಎಷ್ಟಿದೆ ಅನ್ನುವುದಕ್ಕೆ ತಕ್ಕಂತೆ ಪ್ಯಾಂಥರ್ ಊಸರವಳ್ಳಿ ತಾನೇ ಯುವಿ ಬೆಳಕಿಗೆ ಬರುತ್ತದೆ, ತಾನೇ ಸರಿಯುತ್ತದೆ ಅಂತ 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಅದಕ್ಕೆ ಆಯ್ಕೆ ಮಾಡಿಕೊಳ್ಳಲು ಜಾಗ ಕೊಡುವುದಷ್ಟೇ ನಮ್ಮ ಕೆಲಸ.

ಇನ್ನು ನೀರು. ಊಸರವಳ್ಳಿ ಸಾಮಾನ್ಯವಾಗಿ ಬಟ್ಟಲಿನ ನೀರು ಕುಡಿಯುವುದಿಲ್ಲ. ಎಲೆಯ ಮೇಲೆ ಹೊಳೆಯುವ ಹನಿ ಕಂಡರೆ ನೆಕ್ಕುತ್ತದೆ. ಹಗಲಲ್ಲಿ ತೇವಾಂಶ ಶೇಕಡಾ 40ರಿಂದ 50, ರಾತ್ರಿ 80ರ ಮೇಲೆ ಇದ್ದರೆ ಒಳ್ಳೆಯದು. ಕಾಡಿನಲ್ಲೂ ರಾತ್ರಿ ಮಂಜು, ಹಗಲು ಒಣಗಾಳಿ. ಬೆಳಿಗ್ಗೆ ದೀಪ ಹತ್ತುವ ಮೊದಲು ಮತ್ತು ರಾತ್ರಿ ದೀಪ ಆರಿದ ಮೇಲೆ ಸ್ಪ್ರೇ ಮಾಡಿ. ಹಗಲಲ್ಲಿ ಒಂದು ಡ್ರಿಪ್ಪರ್ ಎಲೆಯ ಮೇಲೆ ನಿಧಾನಕ್ಕೆ ಹನಿ ಹಾಕುತ್ತಿರಲಿ. ದಿನವಿಡೀ ಗೂಡನ್ನು ಒದ್ದೆ ಮಾಡಿ ಗಾಳಿಯಾಡದಂತೆ ಇಟ್ಟರೆ ಸೋಂಕನ್ನು ನಾವೇ ಕರೆದಂತೆ.

ಇವೆಲ್ಲ ಸರಿ ಇವೆ ಅಂತ ಖಾತ್ರಿ ಆಯಿತಾ? ಈಗ ಪ್ರಾಣಿಯ ಕಡೆ ಬನ್ನಿ.

ಕಣ್ಣಿನಿಂದ ಶುರು ಮಾಡಿ

ಆರೋಗ್ಯವಾಗಿರುವ ಊಸರವಳ್ಳಿಯ ಕಣ್ಣಿನ ಗೋಪುರ ತುಂಬಿಕೊಂಡು, ಹೊರಕ್ಕೆ ಉಬ್ಬಿ, ಸದಾ ಸುತ್ತುತ್ತಿರುತ್ತದೆ. ಹಗಲಲ್ಲಿ ಕಣ್ಣು ಮುಚ್ಚಿ ಕೂತಿದ್ದರೆ ಅದು ನಿದ್ದೆಯಲ್ಲ, ಏನೋ ಸರಿಯಿಲ್ಲ ಅಂತಲೇ ಅರ್ಥ. "ಸುಮ್ನೆ ಮಲಗಿದೆ" ಅಂತ ಬಿಡಬೇಡಿ.

ಆದರೆ ಒಂದು ದೃಶ್ಯ ನೋಡಿ ಹೆದರಬೇಡಿ. ಸಂಜೆ ದೀಪ ಆರುವ ಹೊತ್ತಿಗೆ ಒಂದೊಂದು ದಿನ ಒಂದು ಕಣ್ಣು ಇದ್ದಕ್ಕಿದ್ದಂತೆ ಬಲೂನಿನಂತೆ ಊದುತ್ತದೆ. ರೆಪ್ಪೆಯ ನಡುವಿನ ಪುಟ್ಟ ತೂತು ಮೇಲೆ, ಕೆಳಗೆ, ಹಿಂದೆ ಹೊರಳುತ್ತದೆ. ಆಮೇಲೆ ಅದೇ ಕಣ್ಣನ್ನು ಕೊಂಬೆಗೆ ಒತ್ತಿ ಉಜ್ಜುತ್ತದೆ. ಕಣ್ಣೊಳಗೆ ಸೇರಿದ ಧೂಳನ್ನು ಅದು ಹೀಗೆ ತೊಳೆದುಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಊತ ಇಳಿದು, ಬೆಳಿಗ್ಗೆ ಎರಡೂ ಕಣ್ಣು ಒಂದೇ ಸಮ ಇರುತ್ತವೆ. ಮರುದಿನವೂ ಊತ ಹಾಗೇ ಇದ್ದರೆ, ಅಥವಾ ಮತ್ತೆ ಮತ್ತೆ ಅದೇ ಕಣ್ಣನ್ನು ಉಜ್ಜುತ್ತಿದ್ದರೆ ಮಾತ್ರ ಚಿಂತಿಸಬೇಕು. ಕಸ ಸಿಕ್ಕಿಕೊಂಡಿರಬಹುದು, ಸೋಂಕಿರಬಹುದು, ವಿಟಮಿನ್ ಎ ಕೊರತೆಯೂ ಇರಬಹುದು. ಉಗುರುಬೆಚ್ಚಗಿನ ನೀರನ್ನು ಸಣ್ಣ ಹನಿಯಾಗಿ, ನೇರ ಮುಖಕ್ಕೆ ಹೊಡೆಯದೆ, ಮೇಲಿಂದ ಬೀಳುವಂತೆ ಹತ್ತು ನಿಮಿಷ ಸ್ಪ್ರೇ ಮಾಡಿ ನೋಡಿ. ಕಸವಾದರೆ ಹೋಗುತ್ತದೆ. ಹೋಗದಿದ್ದರೆ ವೈದ್ಯರಿಗೆ ತೋರಿಸಿ. ಮನುಷ್ಯರ ಕಣ್ಣಿನ ಡ್ರಾಪ್ಸ್ ಹಾಕಬೇಡಿ. ವಿಟಮಿನ್ ಎ ಕೂಡ ಅಂದಾಜಿನಲ್ಲಿ ಕೊಡುವ ವಸ್ತುವಲ್ಲ, ಜಾಸ್ತಿಯಾದರೆ ಅದೇ ವಿಷ.

ಎರಡೂ ಕಣ್ಣು ಒಟ್ಟಿಗೆ ಮುಚ್ಚಿಕೊಂಡಿವೆ, ಉಳಿದಂತೆ ಗಟ್ಟಿಯಾಗಿದೆ ಅಂದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇತ್ತೀಚೆಗೆ ಯುವಿಬಿ ಬಲ್ಬ್ ಬದಲಿಸಿದಿರಾ? ಹೊಸ ಬಲ್ಬ್ ತೀರಾ ಹತ್ತಿರ ಇದ್ದರೆ ಕಣ್ಣು ಉರಿದು ಮುಚ್ಚಿಕೊಳ್ಳುತ್ತದೆ. ಅದನ್ನು ಆರಿಸಿ, ಮಾಮೂಲಿ ಬೆಳಕಿನಲ್ಲಿ ಒಂದೆರಡು ದಿನ ಇಟ್ಟು ನೋಡಿ.

ಕಣ್ಣು ಗುಳಿ ಬಿದ್ದಿದ್ದರೆ ಮೊದಲ ಅನುಮಾನ ನೀರಿನ ಮೇಲೆ. ಇದನ್ನು ಖಚಿತ ಮಾಡಿಕೊಳ್ಳಲು ಹಿಕ್ಕೆ ನೋಡಿ. ಕಂದು ಭಾಗದ ಜೊತೆ ಯೂರೇಟ್ ಅನ್ನುವ ಬಿಳಿ ಉಂಡೆ ಬರುತ್ತದೆ. ಬೆಳ್ಳಗಿದ್ದು ತುದಿಯಲ್ಲಿ ಚೂರು ಹಳದಿ ಇದ್ದರೆ ಪರವಾಗಿಲ್ಲ. ಪೂರ್ತಿ ಕಿತ್ತಳೆ ಬಣ್ಣವಾಗಿ, ಒಣಗಿ, ಪುಡಿಪುಡಿಯಾಗಿದ್ದರೆ ಮೈಯಲ್ಲಿ ನೀರಿಲ್ಲ. ಸ್ಪ್ರೇ ಹೊತ್ತು ಹೆಚ್ಚಿಸಿ, ಡ್ರಿಪ್ಪರ್ ಹಾಕಿ. ಆದರೆ ಯೂರೇಟ್ ಬೆಳ್ಳಗೇ ಇದ್ದು ಕಣ್ಣು ಮಾತ್ರ ಒಳಗೆ ಸೇರಿದ್ದರೆ ಬರೀ ನೀರಿನ ವಿಷಯವಲ್ಲ. ಮೂತ್ರಪಿಂಡದ ತೊಂದರೆ, ಹೊಟ್ಟೆಹುಳು, ತುಂಬಾ ದಿನದ ಕಾಯಿಲೆ ಇವೆಲ್ಲದರಲ್ಲೂ ಕಣ್ಣು ಗುಳಿ ಬೀಳುತ್ತದೆ. ಆಗ ನೀರು ಕುಡಿಸುತ್ತಾ ದಿನ ಕಳೆಯುವುದು ಅಪಾಯ.

ಬಾಯಿ ತೆರೆದು ಕೂತಿದೆ

ದೀಪದಿಂದ ದೂರ ಸರಿದಾಗ ಬಾಯಿ ಮುಚ್ಚುತ್ತದಾ? ಹಾಗಾದರೆ ಬಿಸಿ ಜಾಸ್ತಿ. ಜೊತೆಗೆ ಬಣ್ಣವೂ ತೆಳುವಾಗಿ ಬಿಳಿಚಿಕೊಂಡಿರುತ್ತದೆ. ಬಲ್ಬಿನ ವ್ಯಾಟ್ ಕಮ್ಮಿ ಮಾಡಿ, ಇಲ್ಲವೇ ದೀಪವನ್ನು ಮೇಲೆತ್ತಿ. ನೀವು ಹತ್ತಿರ ಹೋದಾಗ ಮಾತ್ರ ಬಾಯಿ ಅಗಲಿಸಿ, ಗಂಟಲು ಉಬ್ಬಿಸಿ, ಬುಸುಗುಟ್ಟಿದರೆ ಅದು ಬೆದರಿಕೆ. ದೂರ ನಿಂತರೆ ಸಾಕು.

ತಂಪಾದ ಕೊಂಬೆಯಲ್ಲಿ, ರಾತ್ರಿ ಅಥವಾ ಬೆಳಗಿನ ಜಾವ, ಯಾರೂ ಹತ್ತಿರವಿಲ್ಲದಾಗ ಬಾಯಿ ತೆರೆದಿದ್ದರೆ ಕಿವಿಗೊಟ್ಟು ಕೇಳಿ. ಉಸಿರಿನ ಜೊತೆ ಟಿಕ್ ಟಿಕ್ ಸದ್ದು, ಸಿಳ್ಳೆಯಂಥ ಸದ್ದು ಬರಬಹುದು. ಮೂಗಿನ ತುದಿಯನ್ನು ಆಕಾಶಕ್ಕೆ ಎತ್ತಿ ಕೂರುವುದು, ಬಾಯಂಚಿನಲ್ಲಿ ನೊರೆ ಅಥವಾ ಅಂಟಂಟು ಎಂಜಲು, ಇವು ಶ್ವಾಸಕೋಶದ ಸೋಂಕಿನ ಗುರುತು. ಇದಕ್ಕೆ ಮನೆಮದ್ದಿಲ್ಲ. ವೈದ್ಯರು ಕಫದ ಮಾದರಿ ತೆಗೆದು ಪರೀಕ್ಷಿಸಿ ಸರಿಯಾದ ಆ್ಯಂಟಿಬಯಾಟಿಕ್ ಕೊಡಬೇಕು. ಅಲ್ಲಿಯವರೆಗೆ ರಾತ್ರಿ ಫಾಗರ್ (ಗೂಡಿಗೆ ಮಂಜು ಬಿಡುವ ಯಂತ್ರ) ಇದ್ದರೆ ನಿಲ್ಲಿಸಿ, ಗೂಡಿಗೆ ಗಾಳಿಯಾಡುವಂತೆ ಮಾಡಿ. ರಾತ್ರಿ ತಾಪಮಾನ ತೀರಾ ಇಳಿಯದಂತೆ ನೋಡಿಕೊಳ್ಳಿ. ತಂಪು ಮತ್ತು ತೇವ ಬೇರೆ ಬೇರೆಯಾಗಿ ಅಷ್ಟು ಕೆಟ್ಟದ್ದಲ್ಲ, ಗಾಳಿಯಾಡದ ಗೂಡಿನಲ್ಲಿ ಎರಡೂ ಸೇರಿದರೆ ತೊಂದರೆ.

ಬಾಯಿ ತೆರೆದಾಗ ಒಸಡಿನ ಅಂಚಿನಲ್ಲಿ ಹಳದಿ, ಮೊಸರಿನಂಥ ಪದಾರ್ಥ ಕಂಡರೆ ಅದು ಬಾಯಿಹುಣ್ಣಿನ ಸೋಂಕು. ಕೆರೆದು ತೆಗೆಯಲು ಹೋಗಬೇಡಿ. ಸೋಂಕು ಮೂಳೆಗೆ ಇಳಿಯುವ ಮುಂಚೆ ಚಿಕಿತ್ಸೆ ಆಗಬೇಕು.

ಬಣ್ಣ ಏನು ಹೇಳುತ್ತದೆ

ಊಸರವಳ್ಳಿ ಹಿಂದಿರುವ ಎಲೆಗೋ ಗೋಡೆಗೋ ಹೊಂದಿಕೊಳ್ಳಲು ಬಣ್ಣ ಬದಲಿಸುತ್ತದೆ ಅನ್ನುವುದು ಹೆಚ್ಚುಕಮ್ಮಿ ಕಟ್ಟುಕತೆ. ಚರ್ಮದ ಕೋಶಗಳಲ್ಲಿರುವ ಗ್ವಾನಿನ್ ಹರಳುಗಳ ನಡುವಿನ ಅಂತರ ಬದಲಾದಂತೆ ಬಣ್ಣ ಬದಲಾಗುತ್ತದೆ ಅಂತ ಪ್ಯಾಂಥರ್ ಊಸರವಳ್ಳಿಯ ಮೇಲೆ ನಡೆದ ಸಂಶೋಧನೆ 2015ರಲ್ಲಿ ತೋರಿಸಿಕೊಟ್ಟಿತು. ಅಂತರ ಬದಲಾಗುವುದು ಪ್ರಾಣಿ ಉದ್ರೇಕಗೊಂಡಾಗ. ಮೈ ಬಿಸಿಗೂ ಬಣ್ಣಕ್ಕೂ ಸಂಬಂಧವಿದೆ. ಅಂದರೆ ಬಣ್ಣ ಅದರ ಮನಸ್ಥಿತಿಯ ಸುಳಿವು, ಕಾಯಿಲೆಯ ಹೆಸರಲ್ಲ.

ಬೆಳಿಗ್ಗೆ ಕಪ್ಪಗೆ, ಮೈ ಚಪ್ಪಟೆ ಮಾಡಿ ದೀಪಕ್ಕೆ ಪಕ್ಕೆ ಒಡ್ಡಿದ್ದರೆ ಬಿಸಿ ಹೀರಿಕೊಳ್ಳುತ್ತಿದೆ. ಒಂದು ಗಂಟೆಯೊಳಗೆ ತಿಳಿಯಾಗಬೇಕು. ಮಧ್ಯಾಹ್ನವಾದರೂ ಕಪ್ಪಗೇ ದೀಪಕ್ಕೆ ಅಂಟಿಕೊಂಡು ಕೂತಿದ್ದರೆ ಬಿಸಿ ಸಾಲುತ್ತಿಲ್ಲ. ಬಿಸಿ ಸರಿಯಾಗಿದ್ದೂ ಕಪ್ಪಗಿದ್ದರೆ ಅದು ಏನನ್ನೋ ನೋಡಿ ಹೆದರಿದೆ. ಅದು ಕೂರುವ ಎತ್ತರಕ್ಕೆ ನಿಮ್ಮ ತಲೆ ತಂದು, ಅದು ನೋಡುವ ದಿಕ್ಕಿಗೆ ನೀವೂ ನೋಡಿ. ಕನ್ನಡಿ, ಟಿವಿ, ಬೆಕ್ಕು, ಫ್ಯಾನು, ಗಾಜಿನಲ್ಲಿ ಅದರದೇ ಪ್ರತಿಬಿಂಬ, ಪಕ್ಕದ ಗೂಡಿನ ಇನ್ನೊಂದು ಊಸರವಳ್ಳಿ, ಇವುಗಳಲ್ಲಿ ಯಾವುದಾದರೂ ಕಾಣಬಹುದು. ಇದು ಒಂಟಿಯಾಗಿ ಬದುಕುವ ಪ್ರಾಣಿ. ಜೊತೆ ಇದ್ದರೆ ಖುಷಿ ಅನ್ನುವುದು ನಮ್ಮ ಕಲ್ಪನೆ. ಎರಡನ್ನು ಒಂದೇ ಗೂಡಿನಲ್ಲಿ ಇಡಬೇಡಿ.

ರಾತ್ರಿ ನಿದ್ದೆಯಲ್ಲಿ ಬಣ್ಣ ತಿಳಿಯಾಗುವುದು ಸಹಜ. ಪೊರೆ ಬಿಡುವ ಮುಂಚೆ ಮಂಕಾಗಿ ಬೂದು ಹಿಡಿದಂತಾಗುವುದೂ ಸಹಜ.

ತಿನ್ನುತ್ತಿಲ್ಲ

ಅಡುಗೆಮನೆಯ ಗ್ರಾಂ ತಕ್ಕಡಿ ಈಗ ಕೆಲಸಕ್ಕೆ ಬರುತ್ತದೆ. ವಾರಕ್ಕೊಮ್ಮೆ ತೂಗಿ ಬರೆದಿಟ್ಟಿದ್ದರೆ ಉತ್ತರ ಸುಲಭ. ತೂಕ ಇಳಿದಿಲ್ಲ, ಚಟುವಟಿಕೆಯಿಂದಿದೆ ಅಂದರೆ ಆತುರವಿಲ್ಲ. ಬೆಳೆದ ಊಸರವಳ್ಳಿಗೆ ದಿನ ಬಿಟ್ಟು ದಿನ ಮೂರ್ನಾಲ್ಕು ಹುಳು ಸಾಕು. ಮರಿಯಾಗಿದ್ದಾಗಿನ ಹಾಗೆ ದಿನವೂ ಸುರಿದರೆ ಅದು ಬೇಡ ಅನ್ನುವುದೇ ನ್ಯಾಯ, ಅಲ್ವಾ? ಪೊರೆ ಬಿಡುವಾಗ, ಗಂಡಿಗೆ ಹೆಣ್ಣಿನ ಹುಡುಕಾಟ ಹತ್ತಿದಾಗ, ಜಾಗ ಬದಲಾದಾಗಲೂ ಕೆಲವು ದಿನ ಬಿಡುತ್ತದೆ. ಒಂದೇ ಬಗೆಯ ಹುಳು ತಿಂಗಳುಗಟ್ಟಲೆ ಹಾಕಿದರೆ ಬೇಸರ ಬರುತ್ತದೆ. ಕ್ರಿಕೆಟ್ ಹುಳುವಿನ ಬದಲು ರೇಷ್ಮೆಹುಳು, ಸಾಕಿದ ಜಿರಳೆ, ಕಪ್ಪು ಸೋಲ್ಜರ್ ನೊಣದ ಮರಿಹುಳು ಕೊಟ್ಟು ನೋಡಿ. ಹುಳುವಿನ ಗಾತ್ರ ಊಸರವಳ್ಳಿಯ ಎರಡು ಕಣ್ಣಿನ ನಡುವಿನ ಅಗಲಕ್ಕಿಂತ ದೊಡ್ಡದಿರಬಾರದು.

ತೂಕ ಹತ್ತರಲ್ಲಿ ಒಂದು ಪಾಲಿನಷ್ಟು ಇಳಿದಿದ್ದರೆ ಕಾಯಬೇಡಿ. ತಿನ್ನುತ್ತಿದ್ದೂ ತೂಕ ಇಳಿಯುತ್ತಿದ್ದರೆ, ಹಿಕ್ಕೆ ನೀರಾಗಿ ವಾಸನೆ ಬರುತ್ತಿದ್ದರೆ ಹೊಟ್ಟೆಹುಳುವಿನ ಪರೀಕ್ಷೆ ಮಾಡಿಸಿ. ಕಾಡಿನಿಂದ ಹಿಡಿದು ತಂದ ಪ್ರಾಣಿಗಳಲ್ಲಿ ಇದು ತುಂಬಾ ಸಾಮಾನ್ಯ. ಕಾಡಿನ ಊಸರವಳ್ಳಿಯನ್ನು ಹಿಡಿದು ತರಬಾರದು ಅನ್ನುವುದಕ್ಕೆ ಕಾಯಿಲೆಗಿಂತ ದೊಡ್ಡ ಕಾರಣಗಳಿವೆ, ಅದು ಅದರ ಮನೆ. ಇದೂ ಒಂದು ಕಾರಣ.

ತಿನ್ನಲು ಮನಸ್ಸಿದೆ, ಆಗುತ್ತಿಲ್ಲ ಅನ್ನುವುದು ಬೇರೆಯೇ ವಿಷಯ. ಇದನ್ನು ಹತ್ತಿರದಿಂದ ನೋಡಬೇಕು. ಹುಳು ಕಂಡಾಗ ಎರಡೂ ಕಣ್ಣು ಮುಂದಕ್ಕೆ ತಿರುಗುತ್ತವೆ. ಬಾಯಿ ಸ್ವಲ್ಪ ತೆರೆದು ನಾಲಿಗೆಯ ದಪ್ಪ ತುದಿ ಇಣುಕುತ್ತದೆ. ಒಂದು ಕ್ಷಣ ಹಾಗೇ ನಿಂತು ಹೊಡೆಯುತ್ತದೆ. ಈ ಸರಣಿ ಎಲ್ಲಿ ನಿಲ್ಲುತ್ತದೆ ನೋಡಿ. ಒಂದೇ ಕಣ್ಣು ತಿರುಗಿದರೆ ಇನ್ನೊಂದು ಕಣ್ಣನ್ನು ಪರೀಕ್ಷಿಸಿ. ನಾಲಿಗೆ ಇಣುಕಿ ಹೊರಗೆ ಬರದಿದ್ದರೆ, ಅರ್ಧಕ್ಕೇ ಬಿದ್ದರೆ, ಅಥವಾ ನಾಲಿಗೆ ಬಳಸದೆ ದವಡೆಯಿಂದಲೇ ಕಚ್ಚಲು ಹೋದರೆ ನಾಲಿಗೆಗೆ ಪೆಟ್ಟಾಗಿರಬಹುದು, ಸೋಂಕಿರಬಹುದು. ಎಲ್ಲಕ್ಕಿಂತ ಹೆಚ್ಚಾಗಿ ಕ್ಯಾಲ್ಸಿಯಂ ಕೊರತೆ ಇರಬಹುದು. ಮೂಳೆ ಬಾಗುವ ಮೊದಲೇ ನಾಲಿಗೆ ಸೋಲುವುದುಂಟು. ಒಂದೆರಡು ಸಲ ಗುರಿ ತಪ್ಪುವುದು ದೊಡ್ಡ ವಿಷಯವಲ್ಲ.

ರಾತ್ರಿ ಗೂಡಿನಲ್ಲಿ ಕ್ರಿಕೆಟ್ ಹುಳು ಉಳಿಸಬೇಡಿ. ಮಲಗಿದ ಪ್ರಾಣಿಯನ್ನೇ ಕಚ್ಚುತ್ತವೆ.

ಹಿಡಿತ ಸಡಿಲ, ಕೈಕಾಲು ಸೊಟ್ಟ

ಇದು ಈ ಕೈಪಿಡಿಯ ಅತಿ ನೋವಿನ ಭಾಗ, ಯಾಕೆಂದರೆ ಪೂರ್ತಿ ತಡೆಯಬಹುದಾದ ಕಾಯಿಲೆ ಇದು. ಚರ್ಮಕ್ಕೆ ಯುವಿಬಿ ಬಿದ್ದಾಗ ವಿಟಮಿನ್ ಡಿ3 ತಯಾರಾಗುತ್ತದೆ. ಅದಿಲ್ಲದೆ ಕರುಳು ಕ್ಯಾಲ್ಸಿಯಂ ಹೀರಿಕೊಳ್ಳಲಾರದು. ರಕ್ತಕ್ಕೆ ಕ್ಯಾಲ್ಸಿಯಂ ಬೇಕೇ ಬೇಕಾದ್ದರಿಂದ ದೇಹ ಮೂಳೆಯಿಂದಲೇ ತೆಗೆಯುತ್ತದೆ. ಮೂಳೆ ಮೆತ್ತಗಾಗುತ್ತದೆ.

ಮೊದಲ ಗುರುತು ತುಂಬಾ ಸಣ್ಣದು. ಕೊಂಬೆ ಹಿಡಿಯುವಾಗ ಪಾದ ಒಂದೆರಡು ಸಲ ತಪ್ಪುತ್ತದೆ. ನಡೆಯುವಾಗ ಮೈ ಎತ್ತದೆ ಹೊಟ್ಟೆಯನ್ನು ಕೊಂಬೆಗೆ ತಾಗಿಸಿ ಎಳೆಯುತ್ತದೆ. ಆಮೇಲೆ ಮುಂಗಾಲು ಹೊರಕ್ಕೆ ಬಾಗಿ, ಇನ್ನೊಂದು ಮೊಣಕೈ ಹುಟ್ಟಿದಂತೆ ಕಾಣುತ್ತದೆ. ದವಡೆ ಮೆತ್ತಗಾಗಿ ಬಾಯಿ ಸರಿಯಾಗಿ ಮುಚ್ಚುವುದಿಲ್ಲ. ನಡುಕ ಶುರುವಾಗಿದ್ದರೆ ಅದೇ ದಿನ ವೈದ್ಯರ ಹತ್ತಿರ ಹೋಗಿ, ರಕ್ತದ ಕ್ಯಾಲ್ಸಿಯಂ ಕುಸಿದಿದೆ ಅಂತ ಅರ್ಥ. ಇಂಥ ಪ್ರಾಣಿಯನ್ನು ಕೊಂಬೆಯಿಂದ ಕಿತ್ತು ಎತ್ತಬೇಡಿ, ಮೂಳೆ ಮುರಿಯುತ್ತದೆ. ಕೊಂಬೆ ಸಮೇತ ಎತ್ತಿ.

ಕಾರಣ ಹುಡುಕುವಾಗ ಟ್ಯೂಬ್ ಹಾಕಿದ ತಾರೀಖು, ಕೊಂಬೆಯ ದೂರ, ಕ್ಯಾಲ್ಸಿಯಂ ಪುಡಿ ಈ ಮೂರನ್ನು ನೋಡಿ. ಡಿ3 ಇಲ್ಲದ ಬರೀ ಕ್ಯಾಲ್ಸಿಯಂ ಪುಡಿಯನ್ನು ಪ್ರತಿ ಸಲ ಹುಳುವಿಗೆ ತೆಳ್ಳಗೆ ಹಚ್ಚಬೇಕು. ಡಿ3 ಮತ್ತು ಮಲ್ಟಿವಿಟಮಿನ್ ಇರುವುದು ತಿಂಗಳಿಗೆ ಎರಡು ಸಲ ಸಾಕು. ಹುಳುವಿನ ಹೊಟ್ಟೆ ತುಂಬಿಸುವುದೂ ಅಷ್ಟೇ ಮುಖ್ಯ. ಹಸಿದ ಹುಳು ತಿಂದರೆ ಪ್ರಾಣಿಗೆ ಸಿಗುವುದು ಬರೀ ಸಿಪ್ಪೆ. ಹುಳುಗಳಿಗೆ ಹಿಂದಿನ ದಿನ ಸೊಪ್ಪು, ತರಕಾರಿ ತಿನ್ನಿಸಿ. ಚಿಕಿತ್ಸೆಯಿಂದ ಮೂಳೆ ಮತ್ತೆ ಗಟ್ಟಿಯಾಗುತ್ತದೆ, ಬಾಗಿದ್ದು ಮಾತ್ರ ಪೂರ್ತಿ ನೆಟ್ಟಗಾಗುವುದಿಲ್ಲ. ಹಾಗಿದ್ದೂ ಅಡ್ಡಡ್ಡ ಕೊಂಬೆಗಳನ್ನು ಒತ್ತೊತ್ತಾಗಿ ಕಟ್ಟಿಕೊಟ್ಟರೆ ವರ್ಷಗಟ್ಟಲೆ ಚೆನ್ನಾಗಿ ಬದುಕುವ ಊಸರವಳ್ಳಿಗಳಿವೆ.

ಮೂಳೆ ನೇರ ಇದ್ದು ಕೀಲು ಮಾತ್ರ ಊದಿ ನೋಯುತ್ತಿದ್ದರೆ ಗೌಟ್, ಅಂದರೆ ಕೀಲಿನಲ್ಲಿ ಯೂರಿಕ್ ಆಮ್ಲದ ಹರಳು ಕೂಡುವ ಕಾಯಿಲೆ ಇರಬಹುದು. ನೀರು ಸಾಲದಿರುವುದು, ಮೂತ್ರಪಿಂಡದ ತೊಂದರೆ ಇದಕ್ಕೆ ಕಾರಣ. ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ.

ಹೆಣ್ಣು ಗೂಡಿನ ತಳಕ್ಕೆ ಇಳಿದಿದೆ

ವೇಲ್ಡ್ ಹೆಣ್ಣು ಗಂಡಿನ ಮುಖ ನೋಡದೆಯೂ ಮೊಟ್ಟೆ ಕಟ್ಟುತ್ತದೆ. ಹೊಟ್ಟೆ ದಪ್ಪಗಾಗಿ, ಊಟ ಬಿಟ್ಟು, ತಳದಲ್ಲಿ ಮೂಲೆ ಮೂಲೆ ಕೆರೆಯುತ್ತಿದ್ದರೆ ಅದು ಕಾಯಿಲೆಯಲ್ಲ, ಜಾಗ ಹುಡುಕುತ್ತಿದೆ. ಕನಿಷ್ಠ 30 ಸೆಂಟಿಮೀಟರ್ ಆಳದ ಡಬ್ಬಿಯಲ್ಲಿ ತೊಳೆದ ಮರಳು ತುಂಬಿಡಿ. ಬೆರಳಿನಲ್ಲಿ ತೂತು ಮಾಡಿದರೆ ಕುಸಿಯದಷ್ಟು ತೇವ ಇರಬೇಕು, ಹಿಂಡಿದರೆ ನೀರು ಸುರಿಯಬಾರದು. ಹೆಣ್ಣಿನ ಗೂಡಿನಲ್ಲಿ ಈ ಡಬ್ಬಿ ಮೊದಲಿನಿಂದಲೇ ಇದ್ದರೆ ಇನ್ನೂ ಒಳ್ಳೆಯದು. ಆಮೇಲೆ ಗೂಡಿಗೆ ಬಟ್ಟೆ ಮುಚ್ಚಿ ದೂರ ಇರಿ. ಯಾರಾದರೂ ನೋಡುತ್ತಿದ್ದರೆ ತೋಡುವುದನ್ನು ಅರ್ಧಕ್ಕೇ ಬಿಟ್ಟುಬಿಡುತ್ತದೆ.

ತಳದಲ್ಲೇ ಕಣ್ಣು ಮುಚ್ಚಿ ಬಿದ್ದಿದೆ, ತೋಡಿ ತೋಡಿ ಸುಸ್ತಾಗಿ ಮೊಟ್ಟೆ ಬಂದಿಲ್ಲ ಅಂದರೆ ಮೊಟ್ಟೆ ಸಿಕ್ಕಿಕೊಂಡಿದೆ. ಇದು ಗಂಟೆಗಳ ಲೆಕ್ಕದ ತುರ್ತು. ಎಕ್ಸ್‌ರೇ ಬೇಕು, ಕೆಲವೊಮ್ಮೆ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದೆ. ಜಾಕ್ಸನ್ಸ್ ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ, ಅದಕ್ಕೆ ಡಬ್ಬಿ ಬೇಡ. ವೇಲ್ಡ್ ಹೆಣ್ಣಿಗೆ ಬಿಸಿ ಮತ್ತು ಊಟ ಎರಡನ್ನೂ ಹಿತಮಿತವಾಗಿಟ್ಟರೆ ಮೊಟ್ಟೆಗಳ ಸಂಖ್ಯೆಯೇ ಕಮ್ಮಿಯಾಗುತ್ತದೆ.

ಗಂಡು ತಳದಲ್ಲಿ ಮಲಗಿದ್ದರೆ ಇಂಥ ವಿನಾಯಿತಿ ಇಲ್ಲ. ಕೊಂಬೆ ಹಿಡಿಯಲು ಶಕ್ತಿಯಿಲ್ಲ ಅಂತಲೇ ತಿಳಿಯಿರಿ.

ಚರ್ಮ ಮತ್ತು ಊತ

ಪೊರೆ ತುಂಡು ತುಂಡಾಗಿ ಉದುರುವುದು ಸಹಜ. ಎಳೆದು ತೆಗೆಯಬೇಡಿ, ಎಣ್ಣೆ ಹಚ್ಚಬೇಡಿ. ಬೆರಳಿಗೋ ಬಾಲದ ತುದಿಗೋ ಉಂಗುರದಂತೆ ಬಿಗಿದು ಉಳಿದರೆ ಮಾತ್ರ ಸ್ಪ್ರೇ ಮಾಡಿ ನೆನೆಸಿ ಬಿಡಿಸಬೇಕು, ಇಲ್ಲವಾದರೆ ರಕ್ತ ಓಡಾಡದೆ ತುದಿ ಕಪ್ಪಾಗುತ್ತದೆ. ನೆತ್ತಿ ಅಥವಾ ಬೆನ್ನಿನ ಏಣಿನ ಮೇಲೆ ಮಾತ್ರ ಕಪ್ಪು ಕಲೆ ಬಂದಿದ್ದರೆ ಅದು ದೀಪದ ಸುಟ್ಟಗಾಯ. ಮೇಲಿಂದ ಸುಡುತ್ತಿದ್ದರೂ ಊಸರವಳ್ಳಿ ಬೇಗ ಸರಿಯುವುದಿಲ್ಲ. ಜಾಲರಿಗೆ ಜೋತುಬೀಳುವ ಅಭ್ಯಾಸ ಇದ್ದರೆ ದೀಪವನ್ನು ಜಾಲರಿಯಿಂದ ಮೇಲೆತ್ತಿ ಕಟ್ಟಿ.

ಕುತ್ತಿಗೆಯ ಸುತ್ತ ಮೆತ್ತಗೆ ನೀರು ತುಂಬಿದಂತೆ ಊದಿದ್ದರೆ ಪುಡಿಗಳ ಡಬ್ಬಿ ತೆಗೆದು ಓದಿ. ಎರಡು ಬೇರೆ ಬೇರೆ ಪುಡಿಗಳಲ್ಲೂ ಡಿ3, ಎ ಇದ್ದು ನಿಮಗೆ ಗೊತ್ತಿಲ್ಲದೆ ಪ್ರಮಾಣ ಜಾಸ್ತಿಯಾಗಿರಬಹುದು. ವಿಟಮಿನ್ ಪುಡಿ ನಿಲ್ಲಿಸಿ ವೈದ್ಯರನ್ನು ಕೇಳಿ. ಹೃದಯ, ಮೂತ್ರಪಿಂಡದ ತೊಂದರೆಯಲ್ಲೂ ಹೀಗೆ ಊದುತ್ತದೆ.

ವೈದ್ಯರ ಬಳಿ ಹೋಗುವಾಗ

ನಾಯಿ ಬೆಕ್ಕು ಮಾತ್ರ ನೋಡುವವರಿಗಿಂತ ಸರೀಸೃಪಗಳನ್ನು ನೋಡಿ ಅಭ್ಯಾಸವಿರುವ ಪಶುವೈದ್ಯರನ್ನು ಹುಡುಕಿ. ಪ್ರಾಣಿ ಆರೋಗ್ಯವಾಗಿದ್ದಾಗಲೇ ಹುಡುಕಿಟ್ಟುಕೊಂಡರೆ ಒಳ್ಳೆಯದು. ಗಾಳಿತೂತುಗಳಿರುವ ಡಬ್ಬಿಯಲ್ಲಿ ಒಂದು ಕೊಂಬೆ ಅಥವಾ ಬಟ್ಟೆ ಇಟ್ಟು, ಕತ್ತಲಾಗಿ, ಹಿತವಾದ ಬೆಚ್ಚಗೆ ಒಯ್ಯಿರಿ. ಹೊಸ ಹಿಕ್ಕೆಯನ್ನು ಒಣಗದಂತೆ ಮುಚ್ಚಿದ ಡಬ್ಬಿಯಲ್ಲಿ ಅದೇ ದಿನ ಕೊಡಿ. ಗೂಡಿನ ಪೂರ್ತಿ ಫೋಟೋ, ದೀಪದ ಪೆಟ್ಟಿಗೆ, ಪುಡಿಗಳ ಡಬ್ಬಿ, ತೂಕ ಬರೆದ ನೋಟ್‌ಬುಕ್ ಜೊತೆಗಿರಲಿ. ಉಸಿರಿನ ತೊಂದರೆಯಾದರೆ ರಾತ್ರಿ ತೆಗೆದ ವಿಡಿಯೋ ಬೇಕೇ ಬೇಕು. ಆಸ್ಪತ್ರೆಯ ಮೇಜಿನ ಮೇಲೆ ಅದು ಹೆದರಿ ಎಲ್ಲವನ್ನೂ ಮುಚ್ಚಿಡುತ್ತದೆ.

ಚುಚ್ಚುಮದ್ದು ಕೊಟ್ಟರೆ ಚುಚ್ಚಿದ ಜಾಗ ಕಪ್ಪಾಗುವ ಸಾಧ್ಯತೆ ಇದೆಯಾ ಅಂತ ಅಲ್ಲೇ ಕೇಳಿ. ಕೆಲವು ಆ್ಯಂಟಿಬಯಾಟಿಕ್‌ಗಳಿಂದ ಹಾಗಾಗುತ್ತದೆ. ಎರಡೇ ದಿನಕ್ಕೆ ಗೆಲುವಾಗಿ ಕಂಡರೂ ಔಷಧಿಯನ್ನು ಅರ್ಧಕ್ಕೆ ನಿಲ್ಲಿಸಬೇಡಿ. ಹೊಟ್ಟೆಹುಳುವಿಗೆ ಔಷಧಿ ಕೊಟ್ಟಿದ್ದರೆ ವೈದ್ಯರು ಹೇಳಿದ ದಿನಕ್ಕೆ ಹಿಕ್ಕೆಯನ್ನು ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಅಷ್ಟರೊಳಗೆ ಗೂಡಿನ ಕೊಂಬೆಗಳನ್ನು ಕುದಿಯುವ ನೀರಿನಲ್ಲಿ ತೊಳೆದು, ತಳದ ಮಣ್ಣನ್ನು ಪೂರ್ತಿ ಬದಲಿಸಿ. ಇಲ್ಲದಿದ್ದರೆ ಅದೇ ಹುಳು ಮತ್ತೆ ಹೊಟ್ಟೆ ಸೇರುತ್ತದೆ.